ಗಾಳಿಯಿಲ್ಲದೆ ತಿರುಗಿದ ರೆಕ್ಕೆ

ಗಾಳಿ ಬೀಸದಿದ್ದರೂ ತಿರುಗುವ ಗಾಳಿಯಂತ್ರ ಮಂಕಿಯಲ್ಲಿದೆ ಎಂಬ ಸುದ್ದಿ ಹೊನ್ನಾವರದ ಮೀನುಪೇಟೆಯವರೆಗೂ ಹೋಗಿತ್ತು. ಅದನ್ನು ಕಟ್ಟಿಸಿದವಳು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಸುಮತಿ. ಹಲಸಿನ ಹಲಗೆಯ ರೆಕ್ಕೆಗಳನ್ನು ತಾನೇ ಅಳೆದು ಕೆತ್ತಿಸಿದ್ದಳು. ಅವು ಅಷ್ಟು ಹದವಾಗಿವೆ, ಕಾಣದ ಗಾಳಿಗೂ ತಿರುಗುತ್ತವೆ ಎಂದು ಅವಳೂ ನಂಬಿದ್ದಳು.

ಕಂಬದ ಮೇಲಿನ ರೆಕ್ಕೆಗೆ ಹಳೆಯ ಲಾರಿಯ ಡೈನಮೋ ಜೋಡಿಸಿದ್ದಳು. ಅದರ ಕರೆಂಟು ಬ್ಯಾಟರಿಯಲ್ಲಿ ಕೂಡಬೇಕು, ಸಂಜೆ ಬ್ಯಾಟರಿಯಿಂದ ಪಂಚಾಯಿತಿ ರೇಡಿಯೋ ನಡೆಯಬೇಕು. ಆದರೆ ಯಂತ್ರ ಹಗಲಿರುಳು ತಿರುಗಿದರೂ ರೇಡಿಯೋ ಎರಡು ಸಲ ವಾರ್ತೆಯ ನಡುವೆಯೇ ಸುಮ್ಮನಾಯಿತು.

"ತಂಗೀ," ಎಂದರು ಪಂಚಾಯಿತಿಯ ಅಧ್ಯಕ್ಷ ಮಹಾಗಣಪತಿ ಹೆಗಡೆ, "ಶನಿವಾರನೂ ಹೀಂಗೇ ಆದ್ರೆ ಕಂಬ ಇಳಸೂದೇ ಸೈ. ಬ್ಯಾಟರಿ ಮೊದಲಿನಂಗೆ ಬಸ್ಸು ಹತ್ತಿ ಹೊನ್ನಾವರಕ್ಕೆ ಹೋಗಿ ಚಾರ್ಜಾಗಿ ಬರ್ತು."

"ಇಳಿಸೋ ಪ್ರಸಂಗ ಬರ್ತಿಲ್ಲೆ" ಎಂದಳು ಸುಮತಿ.

ಶುಕ್ರವಾರ ಬೆಳಿಗ್ಗೆ ಬ್ಯಾಟರಿಯ ತಂತಿಗಳನ್ನು ನೋಡಲು ಹೋದಾಗ ಕಂಬದ ಬುಡದಲ್ಲಿ ಮೀನುಗಾರ ಜಟ್ಟಿ ಬಲೆ ಹೊಲಿಯುತ್ತಿದ್ದ. ಮೇಲೆ ರೆಕ್ಕೆ ನಿಧಾನವಾಗಿ ಸುತ್ತುತ್ತಿತ್ತು.

"ಅಕ್ಕೋರೆ, ನಲವತ್ತು ವರ್ಷ ಹಾಯಿ ಕಟ್ಟಿದವ ನಾನು. ಈ ಹೊತ್ತಿಗೆ ಇಲ್ಲಿ ಗಾಳಿ ಇರೂದಿಲ್ಲ. ಅದು ಎಂತಕ್ಕೆ ತಿರುಗ್ತದೆ?"

"ರೆಕ್ಕೆ ಅಷ್ಟು ಹಗುರ, ಜಟ್ಟಿಯಣ್ಣ."

ಜಟ್ಟಿ ಬೀಡಿ ಹಚ್ಚಿ ಎತ್ತಿ ಹಿಡಿದ. ಹೊಗೆ ನೆಟ್ಟಗೆ ಮೇಲಕ್ಕೆ ಹೋಯಿತು. "ಇದಕ್ಕಿಂತ ಹಗುರವೇ?"

ಸುಮತಿ ಕಂಬದ ಬುಡಕ್ಕೆ ಬಗ್ಗಿದಳು. ಬ್ಯಾಟರಿಯಿಂದ ಒಂದು ತಂತಿ ಬಿಚ್ಚಿದಳು. ರೆಕ್ಕೆ ಒಂದೂವರೆ ಸುತ್ತು ಹೋಗಿ ನಿಂತಿತು.

ಅವಳಿಗೆ ಈಗ ತಿಳಿಯಿತು. ಗಾಳಿಯಿದ್ದಾಗ ಡೈನಮೋ ಬ್ಯಾಟರಿಯನ್ನು ತುಂಬುತ್ತಿತ್ತು. ಗಾಳಿ ಬಿದ್ದೊಡನೆ ಬ್ಯಾಟರಿಯೇ ಡೈನಮೋವನ್ನು ತಿರುಗಿಸುತ್ತಿತ್ತು. ಮಧ್ಯಾಹ್ನ ಗಳಿಸಿದ್ದನ್ನು ರಾತ್ರಿಯೆಲ್ಲ ತಿಂದು ಹಾಕುತ್ತಿತ್ತು. ಲಾರಿಯಲ್ಲಿ ಕರೆಂಟು ಹಿಂದಕ್ಕೆ ಹರಿಯದಂತೆ ತಡೆಯುವ ಚಿಕ್ಕ ಡಬ್ಬಿಯೊಂದಿರುತ್ತದೆ. ತುಕ್ಕು ಹಿಡಿದಿದೆಯೆಂದು ಅದನ್ನು ಬಿಟ್ಟು ತಂತಿಗೆ ತಂತಿ ಗಂಟು ಹಾಕಿದವಳು ಅವಳೇ. ಊರು ಹೊಗಳಿದ್ದು ಆ ತಪ್ಪನ್ನು.

ಹೊಸ ಡಬ್ಬಿ ಹುಬ್ಬಳ್ಳಿಯಿಂದ ಬರಬೇಕು. ಶಾಲೆಯಿಂದ ಒಂದು ಸ್ವಿಚ್ ತಂದು ತಂತಿಯ ನಡುವೆ ಕೂರಿಸಿದಳು.

"ಜಟ್ಟಿಯಣ್ಣ, ಗಾಳಿ ಎದ್ದಾಗ ಇದನ್ನ ಹಾಕು. ಬೀಳ್ತದೆ ಅನ್ನಿಸಿದಾಗ ತೆಗೆ. ನಿನಗೆ ತಿಳಿದಷ್ಟು ನನಗೆ ತಿಳಿಯೂದಿಲ್ಲ."

"ಹಾಂಗಾದ್ರೆ ಯಂತ್ರ ನಂದೇ ಆತು" ಎಂದ ಜಟ್ಟಿ.

ಶನಿವಾರ ಸಂಜೆ ಜನ ಸೇರಿದಾಗ ಗಾಳಿ ಬಿದ್ದಿತ್ತು. ಜಟ್ಟಿ ಸ್ವಿಚ್ ತೆಗೆದಿದ್ದ, ರೆಕ್ಕೆ ನಿಂತಿತ್ತು. ಕಂಬ ಇಳಿಸಲು ಬಡಗಿ ಶುಕ್ರ ಹಗ್ಗ ಸಮೇತ ಬಂದಿದ್ದ.

"ಅಯ್ಯ, ಇದು ನಿಂತೇ ಹೋಯ್ದಲೇ ತಂಗೀ" ಎಂದರು ಹೆಗಡೆ. ಹಿಂದಿನಿಂದ ಯಾರೋ ನಕ್ಕರು.

"ಬೇಕೂಂತಲೇ ನಿಲ್ಲಿಸಿದ್ದು. ಗಾಳಿ ಇಲ್ಲದಾಗ ತಿರುಗ್ತಾ ಇದ್ದದ್ದು ನನ್ನ ತಪ್ಪಿಂದ. ರೇಡಿಯೋ ಹಾಕಿ."

ವಾರ್ತೆ ಶುರುವಾಯಿತು. ಕಳೆದ ಸಲ ದನಿ ಕುಗ್ಗಿದ ಹೊತ್ತು ಬಂತು, ದಾಟಿತು. ಯಾರೂ ಕೆಮ್ಮಲಿಲ್ಲ. ವಾರ್ತೆ ಮುಗಿದು ಸಂಗೀತ ಮೊದಲಾಯಿತು. ಆಲಾಪನೆಯ ದನಿ ಒಂದಿಷ್ಟೂ ಇಳಿಯಲಿಲ್ಲ.

"ಒಡೆಯಾ, ಕಂಬ?" ಎಂದ ಶುಕ್ರ ಮೆಲ್ಲಗೆ.

"ಶ್!" ಎಂದರು ಹೆಗಡೆ, "ಹಾಡು ಕೇಳು." ಶುಕ್ರ ಹಗ್ಗದ ಸುರುಳಿಯ ಮೇಲೇ ಕೂತ.