ಮೊದಲು ಟೀ, ಆಮೇಲೆ ಬೀಗ

ತಮ್ಮದೇ ಮನೆಯ ನಡುಕೋಣೆಯ ಬಾಗಿಲನ್ನು ಮೇಷ್ಟರ ಹೆಂಡತಿ ಮೆತ್ತಗೆ ತಟ್ಟಿದರು. ಒಂದು ಗಳಿಗೆ ಕಾದು ಆಮೇಲೆ ಒಳಗೆ ಹೋದರು. ಒಳಗೆ ಮಂಚದ ಮೇಲೆ ಮೇಷ್ಟರ ಹೆಣ ಬಿಟ್ಟರೆ ಬೇರೆ ಯಾರೂ ಇರಲಿಲ್ಲ.

"ಪಾಪ, ತಲೆ ಕೆಟ್ಟಿರ್ಬೇಕು," ಎಂದು ಪಕ್ಕದ ಮನೆಯಾಕೆ ಪಿಸುಗುಟ್ಟಿದಳು.

"ಕೆಟ್ಟಿಲ್ಲ ಕಣ್ರೀ. ಈ ಮನೇಲಿ ಹಾಗೇನೇ," ಎಂದಳು ಗೋಡೆಗೊರಗಿ ನಿಂತಿದ್ದ ಜೈಲರ್.

ಅವಳು ಹೆಂಗಸರ ಜೈಲಿನ ಜೈಲರ್, ಮೇಷ್ಟರ ಕೈಯಲ್ಲಿ ಪಳಗಿದವಳು. ಬೆಳಗ್ಗೆಯಿಂದ ಗಂಟಲಲ್ಲಿ ಒಂದು ತೊಟ್ಟು ನೀರೂ ಇಳಿದಿರಲಿಲ್ಲ. ಮೇಷ್ಟರು ಹೋದ ದುಃಖ ಎಂದು ಎಲ್ಲರೂ ತಿಳಿದಿದ್ದರು. ದುಃಖವೂ ಇತ್ತು ನಿಜ, ಆದರೆ ಗಂಟಲಿಗೆ ಅಡ್ಡ ಕೂತಿದ್ದು ಬೇರೆಯೇ.

ಅಂಗಳದ ತುಂಬ ಜೈಲಿನವರೇ. ಅವರಲ್ಲಿ ಮೀಸೆ ವಾರ್ಡರ್ ಎಂದೇ ಹೆಸರಾದ ಮುದುಕ ಯಾರಿಗೋ ಹೇಳುತ್ತಿದ್ದ: "ಕೈದಿಗಳಿಗೆ ಟೀ ಕೊಡಿ ಅಂದಾಗ, ನಾವು ನಡೆಸ್ತಿರೋದು ಜೈಲಾ, ಹೋಟೆಲ್ಲಾ ಸಾರ್ ಅಂತ ಮೇಷ್ಟ್ರನ್ನ ಕೇಳಿದ್ದೆ. ಹೋಟೆಲ್ಲಾದ್ರೆ ಬೇಡ ಅಂದೋರು ಎದ್ದು ಹೋಗ್ಬಹುದು ಕಣಯ್ಯ ಅಂದ್ರು."

"ಇವರು ಮನೇಲಿ ಬಾತ್‌ರೂಮಿಗೂ ಚಿಲಕ ಹಾಕ್ತಿರ್ಲಿಲ್ಲ," ಎಂದರು ಹೊರಗೆ ಬಂದ ಮೇಷ್ಟರ ಹೆಂಡತಿ. "ಯಾರೂ ಬರದೇ ಇರ್ಲಿ ಅಂತ ಹಾಡು ಹೇಳೋರು. ಆ ಹಾಡು ಕೇಳಿದ್ಮೇಲೆ ಯಾರು ತಾನೇ ಹೋಗ್ತಾರೆ?"

ಎಲ್ಲರೂ ನಕ್ಕರು. ಅವರೂ ನಕ್ಕರು, ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು.

*

ಮೇಷ್ಟರು ಹುಟ್ಟಿನಿಂದ ಮೇಷ್ಟರಲ್ಲ. ವಾರ್ಡರ್ ಆಗಿ, ಬಾಗಿಲು ಹಾಕಿ ತೆಗೆದೇ ತಲೆ ನರೆತವರು. ಕೈದಿಗಳನ್ನು ಒಂಟಿ ಸೆಲ್ಲಿಗೆ ತಳ್ಳುವುದನ್ನು ಕಡಿಮೆ ಮಾಡಬೇಕು, ಸಿಬ್ಬಂದಿಗೆ ಅದನ್ನು ಕಲಿಸಬೇಕು ಎಂದು ಇಲಾಖೆ ಹೊರಟಾಗ ಯಾರಿಗೂ ಬೇಡವಾದ ಆ ಕೆಲಸ ಇವರ ತಲೆಗೆ ಬಿತ್ತು. ಇವರು ಕಲಿಸಿದ್ದಾದರೂ ಏನು ಮಹಾ? ಗಲಾಟೆ ಮಾಡಿದವರನ್ನು ಒಳಗೆ ಹಾಕುವ ಮುಂಚೆ ಎದುರಿಗೆ ಕೂತು ಒಂದು ಲೋಟ ಟೀ ಕುಡಿಯಿರಿ, ಅವರಿಗೂ ಕೊಡಿ. ಲೋಟ ಖಾಲಿಯಾದ ಮೇಲೂ ಹಾಕಲೇಬೇಕು ಅನ್ನಿಸಿದರೆ ಹಾಕಿ. ಹಾಕಿದ ಮೇಲೆ, ತಟ್ಟದೆ ಒಳಗೆ ಕಾಲಿಡಬೇಡಿ. ಇಲಾಖೆಯ ತುಂಬ ಅವರಿಗೆ ಟೀ ಮೇಷ್ಟ್ರು ಎಂದೇ ಅಡ್ಡಹೆಸರು.

"ಬೀಗದಕೈ ನಮ್ಮ ಹತ್ರಾನೇ ಇರುವಾಗ ತಟ್ಟೋದು ಯಾಕೆ ಸಾರ್?" ಎಂದು ತರಬೇತಿಯ ಮೊದಲ ವಾರದಲ್ಲೇ ಕೇಳಿದವಳು ಈ ಜೈಲರ್.

ಮೇಷ್ಟರು ಒಂದು ಖಾಲಿ ಸೆಲ್ ತೋರಿಸಿದರು, ಇವಳು ಒಳಗೆ ಹೋದ ಮೇಲೆ ಹೊರಗಿನಿಂದ ಬಾಗಿಲು ಹಾಕಿದರು. ಎಷ್ಟು ಹೊತ್ತೆಂದು ಹೇಳಲಿಲ್ಲ. ಮೊದಮೊದಲು ಅವಳಿಗೆ ನಗು ಬಂತು. ಹಾಡು ಗುನುಗಿದಳು, ಉಗುರಿನಿಂದ ಗೋಡೆಯ ಸುಣ್ಣ ಕೆರೆದಳು. ಹೊರಗೆ ಹೆಜ್ಜೆ ಸದ್ದಾದರೆ ಎದ್ದು ಬಾಗಿಲ ಹತ್ತಿರ ಬರುತ್ತಿದ್ದಳು, ಅದು ದಾಟಿಹೋದರೆ ಅಳು ಬರುವಷ್ಟು ಸಿಟ್ಟು. ಕೊನೆಗೆ ಯಾರೋ ಬಾಗಿಲು ತಟ್ಟಿದರು. ತಟ್ಟಿ ಸುಮ್ಮನಾದರು. ತಾನು ಬಾಯಿ ತೆರೆಯಲಿ ಎಂದು ಹೊರಗೊಬ್ಬರು ಕಾಯುತ್ತಿದ್ದಾರೆ ಎಂದು ತಿಳಿದಾಗ ಅವಳಿಗೆ ದುಃಖ ಒತ್ತರಿಸಿ ಬಂತು. ಕಣ್ಣೊರೆಸಿಕೊಂಡು "ಬನ್ನಿ" ಎಂದಳು.

ಮೇಷ್ಟರು ಒಳಗೆ ಬಂದು ಫ್ಲಾಸ್ಕಿನಿಂದ ಟೀ ಬಗ್ಗಿಸಿ ಕೊಟ್ಟರು. ಸಕ್ಕರೆ ಜಾಸ್ತಿಯಾಗಿತ್ತು.

*

ಈ ದಿನ ಬೆಳಗ್ಗೆ ಸಾವಿನ ಸುದ್ದಿ ಬಂದಾಗ ಅವಳ ಜೈಲಿನ ಮುಕ್ಕಾಲು ಪಾಲು ಸಿಬ್ಬಂದಿ ಹೊರಟು ನಿಂತರು. ಕಾವಲಿಗೆ ಜನ ಸಾಲದೆ ಅವಳು ಕೈದಿಗಳ ಅಂದಿನ ಭೇಟಿಗಳನ್ನೆಲ್ಲ ನಿಲ್ಲಿಸಿದಳು. ಹೊಲಿಗೆ ಕೋಣೆಯ ಕೈದಿಯೊಬ್ಬಳ ಮಗಳು ದೂರದಿಂದ ಬಸ್ಸು ಹತ್ತಿ ಬಂದು ಗೇಟಿನಲ್ಲಿ ನಿಂತಿದ್ದಳು. ಅವಳನ್ನು ವಾಪಸ್ ಕಳಿಸಿದ್ದು ಕಿವಿಗೆ ಬಿದ್ದದ್ದೇ ತಡ, ಹೊಲಿಗೆಯವಳು ಕತ್ತರಿ ಎಸೆದಳು. ಗೋಡೆಗೆ ಬಡಿಯಿತು, ಪುಣ್ಯಕ್ಕೆ ಯಾರಿಗೂ ತಾಗಲಿಲ್ಲ.

ಹೊರಗೆ ಸಾವಿನ ಮನೆಗೆ ಹೊರಟಿದ್ದ ವ್ಯಾನಿನವನು ಒಂದೇ ಸಮ ಹಾರ್ನ್ ಒತ್ತುತ್ತಿದ್ದ.

"ಒಳಗೆ ಹಾಕ್ರಿ ಇವಳನ್ನ," ಎಂದಳು ಜೈಲರ್. ಟೀ ಇಲ್ಲ, ಒಂದು ಮಾತಿಲ್ಲ. ಮೇಷ್ಟರ ಮುಖ ನೋಡಬೇಕೆಂಬ ಅವಸರದಲ್ಲಿ, ಮೇಷ್ಟರು ಯಾವುದನ್ನು ಮಾಡಬೇಡ ಎಂದಿದ್ದರೋ ಅದನ್ನೇ ಮಾಡಿ ವ್ಯಾನು ಹತ್ತಿದ್ದಳು.

*

"ಗಾಡಿ ಬರೋ ಹೊತ್ತಾಯ್ತು. ಮೇಷ್ಟರ ಬಗ್ಗೆ ಎರಡು ಮಾತು ಹೇಳಿ ಮೇಡಂ," ಎಂದು ಮೀಸೆ ವಾರ್ಡರ್ ಬಂದು ಕೇಳಿದ. "ಅವರ ಪಾಠ ಪಾಲಿಸಿದೋರು ಅಂದ್ರೆ ನೀವೇ."

ಅವಳಿಗೆ ಕೆನ್ನೆಗೆ ಹೊಡೆದಂತಾಯಿತು. ನೇರ ಅಡುಗೆಮನೆಗೆ ಹೋದಳು. ಮೇಷ್ಟರ ಹೆಂಡತಿ ಒಲೆಯ ಮುಂದೆ ನಿಂತಿದ್ದರು.

"ಅಮ್ಮ, ನಾನು ತಪ್ಪು ಮಾಡ್ಬಿಟ್ಟೆ," ಎಂದು ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು.

ಅವರು ಉರಿ ಸಣ್ಣ ಮಾಡಿದರು. "ಈಗ್ಲೂ ಒಳಗೇ ಇದ್ದಾಳಾ?"

"ದಾರೀಲೇ ಫೋನ್ ಮಾಡಿ ಬಿಡಿಸ್ದೆ. ಬೀಗ ತೆಗೆದ್ರಂತೆ. ಅವಳು ಹೊರಗೆ ಬರ್ತಿಲ್ಲ. ಹಾಕಿದೋಳೇ ಬರ್ಲಿ ಅಂತ ಬಾಗಿಲು ಎಳ್ಕೊಂಡು ಕೂತಿದ್ದಾಳಂತೆ."

"ಮತ್ತೆ ಇಲ್ಲೇನ್ ಮಾಡ್ತಿದ್ದೀಯ?"

"ಮೇಷ್ಟರನ್ನ ಕಳಿಸ್ಕೊಟ್ಟು..."

"ಅವರಿಗೆ ಹೆಗಲು ಕೊಡೋಕೆ ಅಂಗಳ ತುಂಬ ಜನ ಇದ್ದಾರೆ. ನೀನು ಹೊರಡು." ಅವರು ಮೇಷ್ಟರ ಹಳೆಯ ಫ್ಲಾಸ್ಕಿಗೆ ಟೀ ಸುರಿದು ಮುಚ್ಚಳ ಬಿಗಿಮಾಡಿದರು. "ಸಕ್ಕರೆ ಜಾಸ್ತಿ ಆಗಿರುತ್ತೆ. ಅವರ ಅಳತೇನೇ ನನ್ನ ಕೈಗೂ ಬಂದ್ಬಿಟ್ಟಿದೆ."

ಹೊರಡುವ ಮುನ್ನ ಅವಳು ನಡುಕೋಣೆಯ ಬಾಗಿಲು ತಟ್ಟಿದಳು. ಕಾದಳು. ಅಭ್ಯಾಸ ನೋಡಿ, ಉತ್ತರ ಬಾರದು ಎಂದು ಗೊತ್ತಿದ್ದೂ ಕಿವಿ ನಿಮಿರಿತ್ತು. ಒಳಗೆ ಹೋಗಿ ಆ ಗಂಟುಗಟ್ಟಿದ ಬೆರಳುಗಳನ್ನು ಒಮ್ಮೆ ಮುಟ್ಟಿ ಹೊರಟುಬಂದಳು. ರಸ್ತೆಯ ತಿರುವಿನಲ್ಲಿ ಮೇಷ್ಟರನ್ನು ಒಯ್ಯುವ ಗಾಡಿ ಎದುರಾಯಿತು.

*

ಒಂಟಿ ಸೆಲ್ಲುಗಳ ಓಣಿ ನಿರ್ಜನವಾಗಿತ್ತು. ಈಗೀಗ ಅಲ್ಲಿನ ಸೆಲ್ಲುಗಳಲ್ಲಿ ಹೊಲಿಗೆ ಕೋಣೆಯ ಬಟ್ಟೆ ಗಂಟುಗಳನ್ನಿಡುತ್ತಿದ್ದರು. ಕೊನೆಯ ಬಾಗಿಲೊಂದು ಮುಚ್ಚಿತ್ತು. ಬೀಗವಿರಲಿಲ್ಲ, ತಳ್ಳಿದರೆ ಸಾಕಿತ್ತು.

ಅವಳು ತಟ್ಟಿದಳು.

"ಯಾರು?"

"ನಾನು. ಟೀ ತಂದಿದ್ದೀನಿ."

ಒಳಗೆ ಬಟ್ಟೆ ಗಂಟು ಸರಿದ ಸದ್ದು. ಆಮೇಲೆ, "ಯಾರೋ ಸತ್ರು ಅಂತ ನನ್ ಮಗಳನ್ನ ಗೇಟಿಂದಾನೇ ಅಟ್ಟಿಬಿಟ್ರಲ್ಲ."

"ಹೌದು. ತಪ್ಪು ನಂದೇ. ನಿಮ್ಮ ಮಗಳಿಗೆ ಫೋನ್ ಮಾಡಿ ಮಾತಾಡ್ದೆ. ಈ ಊರಲ್ಲೇ ಉಳ್ಕೊಂಡಿದ್ದಾಳೆ. ನಾಳೆ ಬರ್ತಾಳಂತೆ."

"ಊಟ ಮಾಡಿದ್ಲಾ, ಕೇಳಿದ್ರಾ?"

"ಕೇಳಿದೆ. ಮಾಡಿದ್ಲಂತೆ."

ಜೈಲರ್ ಫ್ಲಾಸ್ಕನ್ನು ಬಾಗಿಲ ಬಳಿ ಇಟ್ಟಳು.

"ನಾನಿನ್ನೂ ಬನ್ನಿ ಅಂದಿಲ್ಲ," ಎಂದಿತು ಒಳಗಿನ ದನಿ.

"ಇಲ್ಲ. ನಾನಿಲ್ಲೇ ಕೂತಿರ್ತೀನಿ."

ಅವಳು ಯೂನಿಫಾರ್ಮಿನಲ್ಲೇ ನೆಲದ ಮೇಲೆ ಕೂತಳು. ಸೊಂಟಕ್ಕೆ ಚುಚ್ಚುತ್ತಿದ್ದ ಬೀಗದಕೈ ಗೊಂಚಲನ್ನು ಬಿಚ್ಚಿ ದೂರ ಸರಿಸಿದಳು. ಎರಡು ಲೋಟಕ್ಕೆ ಟೀ ಬಗ್ಗಿಸಿ, ಒಂದನ್ನು ಬಾಗಿಲ ಸಂದಿಗೆ ಹತ್ತಿರವಾಗಿ ಇಟ್ಟಳು. ಇನ್ನೊಂದನ್ನು ಕುಡಿಯದೆ, ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಳು.