ಬಾಗಿಲಮ್ಮನ ಏಳು ದಿನ

ಬಕೆಟ್ಟಿನ ನೀರಿಗೆ ಮೊಣಕೈ ಅದ್ದಿ ನೋಡಿ, ಮಗಳು ಇನ್ನೊಂದು ಚೊಂಬು ತಣ್ಣೀರು ಸುರಿದಳು. ಸತ್ತವರಿಗೆ ಬಿಸಿಯೇನು, ತಣ್ಣಗೇನು ಎಂದು ಯಾರಾದರೂ ಕೇಳಿದರೆ ಅಮ್ಮ, "ಸುಡೋದು ನನ್ನ ಕೈ ತಾನೆ," ಎಂದು ನಗುತ್ತಿದ್ದಳು. ನಗುನಗುತ್ತಲೇ ಹೆಣದ ಕಿವಿಯ ಹಿಂದೆ, ಬೆರಳಿನ ಸಂದಿಯಲ್ಲಿ, ಎಳೆಗೂಸಿಗೆ ಮಾಡಿದಷ್ಟೇ ಮೆತ್ತಗೆ ಒರೆಸುತ್ತಿದ್ದಳು. ತಮ್ಮ ಕ್ರೈಸ್ತ ಸಭೆಯ ಸತ್ತವರನ್ನೆಲ್ಲ ಹೀಗೆ ತೊಳೆದು ಕಳಿಸಿದವಳು ಇವತ್ತು ತಾನೇ ನಡುಮನೆಯ ಮೇಜಿನ ಮೇಲೆ ಮಲಗಿದ್ದಳು.

ಟೀಚರ್ ಅತ್ತೆ ಹೊಸ್ತಿಲಾಚೆ ನಿಂತಿದ್ದರು. ಅಪ್ಪನ ಅಕ್ಕ, ರಿಟೈರಾಗಿ ಎಷ್ಟು ಕಾಲವಾದರೂ ಎಲ್ಲರಿಗೂ ಟೀಚರೇ. ಸೋಪು ಕೇಳಿದರೆ ಕೈಯುದ್ದ ಮಾಡಿ ಕೊಡುತ್ತಿದ್ದರೇ ಹೊರತು ಒಳಗೆ ಬರುತ್ತಿರಲಿಲ್ಲ.

"ಅಲ್ಲೇ ಇರಿ ಅತ್ತೆ," ಎಂದಳು ಮಗಳು. "ಮುಟ್ಟಿದ್ರೆ ನೀವೂ ಏಳು ದಿನ ಹೊರಗೆ ಕೂರಬೇಕಾಗುತ್ತೆ."

"ಅದಕ್ಕಲ್ಲಮ್ಮ. ನನಗೆ ಹೆಣ ಅಂದ್ರೆ ಮೊದಲಿಂದ್ಲೂ ಒಂಥರಾ. ಏಳು ದಿನ ಎಲ್ಲ ಈಗೆಲ್ಲಿ..." ಅತ್ತೆ ಉಳಿದದ್ದನ್ನು ನುಂಗಿಕೊಂಡು ಕರವಸ್ತ್ರದಲ್ಲಿ ಮೂಗು ಒರೆಸಿದರು.

ಆ ಮಾತು ಮಗಳ ಕಿವಿಗೆ ಬಿದ್ದರೂ ತಲೆಗೆ ಹೋಗಲಿಲ್ಲ. ತಲೆಯ ತುಂಬ ಇನ್ನೂ ಆಡದ ಜಗಳವೊಂದಿತ್ತು. ಅಮ್ಮನ ಶವಪೆಟ್ಟಿಗೆಯನ್ನು ಮಂದಿರದ ಒಳಗೆ ಒಯ್ದು, ರೊಟ್ಟಿ ಮುರಿಯುವ ಕರ್ತನ ಮೇಜಿನ ಮುಂದೆಯೇ ಇಡಿಸಬೇಕು. ಹೆಣ ಒಳಗೆ ಬರಬಾರದು ಅಂತ ಸಭೆಯ ಹಿರಿಯರು ಶಾಸ್ತ್ರ ತೆಗೆಯುತ್ತಾರೆ, ಅಪ್ಪ ಅವರ ಹಿಂದೆ ನಿಂತು ನೆಲ ನೋಡುತ್ತಾರೆ. ನೋಡಲಿ. ಬದುಕಿದ್ದಾಗ ಹೊರಗೆ ಕೂತದ್ದು ಸಾಲದೆ? ಇದೊಂದು ದಿನವಾದರೂ ಅಮ್ಮ ಒಳಗಿರಬೇಕು, ಆಕಾಶವೇ ಕಳಚಿ ಬೀಳಲಿ.

*

ಸಭೆಯಲ್ಲಿ ನಲವತ್ತು ಮನೆಗಳಿದ್ದವು. ಕಟ್ಟಿದವರು ಈಗಿನ ಹಿರಿಯರ ತಂದೆ. ಕ್ರಿಸ್ತ ಬಂದ ಮಾತ್ರಕ್ಕೆ ಮೋಶೆಯ ಧರ್ಮಶಾಸ್ತ್ರ ರದ್ದಾಯಿತೆಂದು ಯಾರೂ ತಿಳಿಯಬಾರದು, ನಂಬಿದವರೇ ಅದನ್ನು ಚಾಚೂ ತಪ್ಪದೆ ನಡೆಸಬೇಕು ಎಂಬುದು ಅವರ ಬೋಧನೆ. ಬೇರೆ ಸಭೆಯವರೆಲ್ಲ ಭಾನುವಾರ ಹಾಡಿದರೆ ಇವರು ಶನಿವಾರ ಅಂಗಡಿ ಮುಚ್ಚಿದರು. ಶಾಸ್ತ್ರ ಬೇಡವೆಂದ ಮಾಂಸ ಬಿಟ್ಟರು. ಅದೆಲ್ಲ ಹೇಗೋ ನಡೆಯಿತು. ಗಾಡಿ ನಿಂತದ್ದು ಸಾವಿನ ಹತ್ತಿರ. ಹೆಣ ಮುಟ್ಟಿದವರು ಏಳು ದಿನ ಅಶುದ್ಧರು, ಮಂದಿರದೊಳಗೆ ಕಾಲಿಡುವಂತಿಲ್ಲ, ರೊಟ್ಟಿ ಮುರಿಯುವಾಗ ಕೈಚಾಚುವಂತಿಲ್ಲ. ಶಾಸ್ತ್ರವೇನೋ ಬಂತು, ಸಾಯುವವರು ನಿಲ್ಲಬೇಕಲ್ಲ.

ಒಂದು ಸಲ ಪಕ್ಕದ ಮನೆಯ ಮಗು ತೀರಿಕೊಂಡಿತು. ಒಬ್ಬರಿಗೆ ಆ ವಾರ ಹಾಡು ಹೇಳಿಕೊಡುವುದಿತ್ತು, ಇನ್ನೊಬ್ಬರ ಮನೆಗೆ ನೆಂಟರು ಬರುವವರಿದ್ದರು. ಹೆತ್ತವಳು ಪ್ರಜ್ಞೆ ತಪ್ಪಿ ಬಿದ್ದಿದ್ದಳು. ಅಮ್ಮ ಒಲೆಯ ಮೇಲಿದ್ದದ್ದನ್ನು ಇಳಿಸಿ, ತೋಳು ಮಡಚಿಕೊಂಡು ಹೋದಳು. "ಏಳು ದಿನ ತಾನೆ, ಕಣ್ಣು ಮುಚ್ಚಿ ಬಿಡೋದ್ರಲ್ಲಿ ಹೋಗುತ್ತೆ," ಎಂದಳು. ಹೋಗಲಿಲ್ಲ. ಒಮ್ಮೆ ಉಪಕಾರ ಮಾಡಿದವರ ಹೆಗಲ ಮೇಲೇ ಜನ ಮೂಟೆ ಇಡುತ್ತಾರೆ. ಒಬ್ಬರ ಏಳು ದಿನ ತೀರುವುದರೊಳಗೆ ಇನ್ನೊಬ್ಬರ ಮನೆಯಿಂದ ಕರೆ ಬರುತ್ತಿತ್ತು. ಕೊನೆಗೆ ಅಮ್ಮ ಲೆಕ್ಕ ಇಡುವುದನ್ನೇ ಬಿಟ್ಟು, ಮಂದಿರದ ಬಾಗಿಲಾಚೆಯ ಬೆಂಚನ್ನು ತನ್ನದು ಮಾಡಿಕೊಂಡಳು. ಮಕ್ಕಳು ಬಾಗಿಲಮ್ಮ ಎಂದು ಕರೆದರು, ದೊಡ್ಡವರಿಗೂ ಅದೇ ರೂಢಿಯಾಯಿತು.

ಮನೆಯಲ್ಲೂ ಅವಳ ಚಾಪೆ ಅಡಿಗೆಮನೆಯಲ್ಲಿ, ತಟ್ಟೆ ಬೇರೆ. ಪುಟ್ಟವಳಿದ್ದಾಗ ಒಮ್ಮೆ ಮಗಳು ಆ ಚಾಪೆಯ ಅಂಚಿನಲ್ಲಿ ಕೂತು ಕೇಳಿದ್ದಳು: "ಕ್ರಿಸ್ತಸ್ವಾಮಿ ಸತ್ತುಹೋದ ಹುಡುಗೀನ ಎಬ್ಬಿಸೋವಾಗ ಕೈ ಹಿಡ್ಕೊಂಡ್ನಲ್ಲಮ್ಮ. ಅವನೂ ಏಳು ದಿನ ಹೊರಗೆ ಕೂತಿದ್ನಾ?"

ಅಮ್ಮ ಬಾಯಿಗೆ ಬಟ್ಟೆ ಒತ್ತಿಕೊಂಡು ನಕ್ಕಳು. "ಕೂತಿದ್ರೆ ನನ್ನ ಪಕ್ಕದಲ್ಲೇ ಕೂತಿರ್ತಾನೆ ಬಿಡು. ನಿಮ್ಮಪ್ಪನ ಹತ್ರ ಕೇಳ್ಬೇಡ, ರಾತ್ರಿಯೆಲ್ಲ ಪಾಠ ಮಾಡ್ತಾರೆ."

*

ಮಗಳು ಅಮ್ಮನಿಗೆ ಬಿಳಿ ಅಂಗಿ ತೊಡಿಸಿ ತಲೆ ಬಾಚುವ ಹೊತ್ತಿಗೆ ಹಿರಿಯರು ಬಂದರು. ಸಿಮೆಂಟಿನ ವ್ಯಾಪಾರ ಅವರದು. ಮಾತೂ ಹಾಗೇ, ಬೇಗ ಗಟ್ಟಿಯಾಗುವಂಥದು. ಹಿಂದೆಯೇ ಅಪ್ಪ ಬಂದರು. ಕನ್ನಡಕದಂಗಡಿಯ ಅಪ್ಪ ಸಭೆಯ ಎರಡನೆಯ ಹಿರಿಯರು.

ಮಗಳು ಬಾಚಣಿಗೆ ಕೆಳಗಿಟ್ಟು ಎದ್ದುನಿಂತಳು. "ಒಂದು ಮಾತು ಮೊದಲೇ ಹೇಳ್ತೀನಿ. ಅಮ್ಮನ್ನ ಹೊರಗಿಡೋಕೆ ನಾನು ಬಿಡಲ್ಲ. ಒಳಗೆ, ಮೇಜಿನ ಮುಂದೇನೇ ಇಡಬೇಕು. ಏನು ಶಾಸ್ತ್ರ ತೆಗೀತೀರೋ ತೆಗೀರಿ."

ಹಿರಿಯರು ಅವಳನ್ನೇ ಮಿಕಮಿಕ ನೋಡಿದರು. "ಒಳಗೇ ಇಡೋದು ತಾಯಿ. ಎಲ್ಲರನ್ನೂ ಒಳಗೇ ತರ್ತೀವಲ್ಲ ಈಗ. ಆ ನಿಯಮ ಬಿಟ್ಟು ಎಷ್ಟೋ ವರ್ಷ ಆಯ್ತು."

"ಯಾವ ನಿಯಮ?"

"ಅದೇ, ಏಳು ದಿನದ್ದು. ನಮ್ಮ ಡಾಕ್ಟರು ಆಸ್ಪತ್ರೆ ಕೆಲಸಕ್ಕೆ ಸೇರಿದಾಗ ಹಿರಿಯರೆಲ್ಲ ಕೂತು ಮಾತಾಡಿದ್ವಿ. ಶಾಸ್ತ್ರ ಅನ್ನೋದು ಬರೀ ನೆರಳು, ಕ್ರಿಸ್ತ ಬಂದ ಮೇಲೆ ನಾವು ಅದರ ಕೈಕೆಳಗಿಲ್ಲ ಅಂತ ತಿಳೀತು." ಡಾಕ್ಟರು ಎಂದರೆ ಅವರ ಮಗ, ಸತ್ತವರನ್ನೂ ಮುಟ್ಟಬೇಕಾದ ಕೆಲಸ. ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ಹೇಳಿ ಮುಗಿಸಿ, ಹೂವಿನವನು ಬಂದನೇ ನೋಡಲು ಅವರು ಹೊರಗೆ ಹೋದರು.

ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಎಂದು ಮಗಳು ಬಯ್ಯುವುದರೊಳಗೆ ಅವರು ಹೊಸ್ತಿಲು ದಾಟಿಯಾಗಿತ್ತು. ಅವಳು ಅತ್ತೆಯ ಕಡೆ ತಿರುಗಿದಳು.

"ನಿಮಗೆ ಗೊತ್ತಿತ್ತಾ ಅತ್ತೆ?"

"ಎಲ್ಲರಿಗೂ ಗೊತ್ತಿತ್ತಮ್ಮ."

"ಅಮ್ಮನಿಗೆ?"

ಅತ್ತೆ ಅಪ್ಪನನ್ನು ನೋಡಿದರು. ಬೇರೆಯವರು ಪೆಟ್ಟಿಗೆಯ ಜೊತೆ ಮಂದಿರಕ್ಕೆ ಹೋದಾಗ ಅಮ್ಮ ಸತ್ತವರ ಮನೆಯಲ್ಲಿ ನೆಲ ತೊಳೆಯುತ್ತ ಉಳಿಯುತ್ತಿದ್ದಳು. ಯಾರೂ ಬಾಯಿಬಿಟ್ಟು ಹೇಳದಿದ್ದರೆ ಅವಳಿಗೆ ತಿಳಿಯುವುದಾದರೂ ಎಲ್ಲಿಂದ?

"ನನ್ನ ಮದುವೆಗೆ ಮುಂಚೆನಾ, ಆಮೇಲಾ?"

"ಮುಂಚೆ," ಎಂದರು ಅತ್ತೆ. "ಹಿಂದಿನ ವರ್ಷ, ನೀನು ಹಾಸ್ಟೆಲಲ್ಲಿ ಓದ್ತಿದ್ದಾಗ."

*

ಮದುವೆಯ ದಿನ ಮಗಳು ಹಾರ ಹಿಡಿದುಕೊಂಡು ಮಂದಿರದ ಒಳಗಿದ್ದಳು. ಅಮ್ಮ ಕಿಟಕಿಯ ಸರಳಿನಾಚೆ ಇದ್ದಳು. ಎರಡು ದಿನದ ಹಿಂದೆ ಮೂಲೆಮನೆಯ ಅಜ್ಜ ಹೋಗಿದ್ದರು, ತೊಳೆಯಲು ಬೇರೆ ಯಾರೂ ಇರಲಿಲ್ಲ. ಹೊಸ ಸೀರೆಯುಟ್ಟು, ಮುಖವನ್ನು ಸರಳುಗಳ ನಡುವೆ ಅತ್ತಿತ್ತ ಸರಿಸುತ್ತ, ಮುಂದೆ ನಿಂತವರ ತಲೆಗಳನ್ನು ಶಪಿಸುತ್ತ ನೋಡಿದಳು. ಮುಂದಿನ ಸಾಲಿನಲ್ಲಿ ಡಾಕ್ಟರು ಕೂತಿದ್ದರು, ಆಸ್ಪತ್ರೆಯಿಂದ ನೇರ ಬಂದಿದ್ದರಂತೆ.

ಹೊರಗೆ ಬಂದಾಗ ಮಗಳು ತಬ್ಬಿಕೊಳ್ಳಲು ಹೋದಳು. ಅಮ್ಮ ಹಿಂದೆ ಸರಿದಳು. "ಬೇಡ ಕಣೇ, ಮದುಮಗಳು ನೀನು. ಆಮೇಲೆ ಬಂದು ಮನಸಾರೆ ತಬ್ಕೋತೀನಿ." ಅಪ್ಪ ಪಕ್ಕದಲ್ಲೇ ನಿಂತು, "ಹೊತ್ತಾಗುತ್ತೆ, ಗಾಡಿ ಹತ್ತು," ಎಂದಿದ್ದರು.

*

ಅತ್ತೆ ಮೆಲ್ಲಗೆ ಜಾರಿಕೊಂಡರು. ಕೋಣೆಯಲ್ಲಿ ಅಪ್ಪ, ಮಗಳು, ಮೇಜಿನ ಮೇಲೆ ಅಮ್ಮ.

"ಯಾಕೆ ಹೇಳಲಿಲ್ಲ?"

"ಅವಳು ಕೇಳಲೇ ಇಲ್ಲ," ಎಂದರು ಅಪ್ಪ. "ಒಪ್ಪಿ ಮಾಡ್ತಿದ್ದಳು. ಅವಳಿಗದು ಭಾರ ಅನ್ನಿಸ್ತಾನೇ ಇರಲಿಲ್ಲ."

"ನಾನು ಕೇಳಿದ್ದು ಅದಲ್ಲ ಅಪ್ಪ."

ಅಪ್ಪ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಉಜ್ಜಿದರು. "ಹೇಳೋಣ ಅಂತಿದ್ದೆ. ಹಿರಿಯರೇ ಬೇಡ ಅಂದ್ರು. ದಿನಾ ಹೆಣ ತೊಳೆಯೋ ಕೈ, ಎಲ್ಲರ ಜೊತೆ ಒಂದೇ ರೊಟ್ಟಿ ಮುರಿದ್ರೆ ಜನಕ್ಕೆ ಹೇಸಿಗೆ ಆಗುತ್ತೆ, ಹೇಗಿದೆಯೋ ಹಾಗೇ ಇರಲಿ ಅಂದ್ರು."

"ಡಾಕ್ಟರ ಕೈಗೆ ಹೇಸಿಗೆ ಇಲ್ವಾ?"

"ಅವರು ಗ್ಲೌಸ್ ಹಾಕ್ಕೋತಾರೆ."

ಮಗಳಿಗೆ ನಗು ಬಂತು. ಆ ನಗುವಿಗೆ ಅವಳೇ ಹೆದರಿದಳು. "ಮಂದಿರದ ಮಾತು ಹಾಗಿರಲಿ. ಮನೇಲಿ? ಅಡಿಗೆಮನೆ ಚಾಪೆ? ಬೇರೆ ತಟ್ಟೆ? ಅಲ್ಲಿ ಯಾವ ಹಿರಿಯರಿದ್ರು ಅಪ್ಪ? ನಿಮಗೂ ಹೇಸಿಗೆ ಆಗ್ತಿತ್ತಾ?"

ಅಪ್ಪ ಕನ್ನಡಕ ಉಜ್ಜುತ್ತಲೇ ಇದ್ದರು. ಶಾಸ್ತ್ರವನ್ನು ನಂಬಿ ಅಮ್ಮನನ್ನು ದೂರವಿಟ್ಟಿದ್ದರೆ ಅದು ಮೂಢತನ, ಮಗಳು ಅದನ್ನು ಹೇಗೋ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದಳು. ಶಾಸ್ತ್ರ ಹೋದ ಮೇಲೂ ಇವರು ಅದರ ಗೋಡೆಯನ್ನು ಉಳಿಸಿಕೊಂಡದ್ದು ತಮ್ಮ ಅನುಕೂಲಕ್ಕೆ. ಅಮ್ಮ ಕೊನೆಯವರೆಗೂ ದೇವರ ಮಾತಿಗೆ ತಲೆಬಾಗಿದ್ದೇನೆ ಎಂದುಕೊಂಡಿದ್ದಳು. ತಲೆಬಾಗಿದ್ದು ಈ ಮನುಷ್ಯನ ಮೌನಕ್ಕೆ.

ಹೊರಗೆ ಗಾಡಿ ನಿಂತ ಸದ್ದಾಯಿತು. ಪೆಟ್ಟಿಗೆ ತರಲು ಹೋಗಿದ್ದ ಮಗಳ ಗಂಡ ಬಂದಿದ್ದ.

ಅಮ್ಮ ಮಂದಿರದೊಳಗೆ ಹೋದಳು. ಯಾರೂ ತಡೆಯಲಿಲ್ಲ. ಹಿರಿಯರೇ ಮುಂದೆ ನಿಂತು, "ಸ್ವಲ್ಪ ಎಡಕ್ಕೆ, ಕಾಲು ಈ ಕಡೆ," ಎಂದು ಇಡಿಸಿದರು. ಮಗಳು ಬಾಗಿಲಾಚೆಯೇ ನಿಂತಳು. ಗಂಡ ಬಂದು ತೋಳು ಹಿಡಿದು ಕರೆದ. "ನೀನು ಹೋಗು, ನಾನು ಹೆಣ ತೊಳೆದ ಕೈಯವಳು," ಎಂದಳು. ಒಳಗೆ ಹಿರಿಯರು ಬಾಗಿಲಮ್ಮನ ದೀನತೆಯನ್ನು ಕೊಂಡಾಡಿದರು. ಸೇವೆಗಾಗಿ ಹೊರಗಿನ ಸ್ಥಾನವನ್ನು ತಾನಾಗಿ ಆರಿಸಿಕೊಂಡ ತಾಯಿ ಎಂದರು. ಕೆಲವರು ಅತ್ತರು. ಆ ಅಳು ಸುಳ್ಳೇನೂ ಆಗಿರಲಿಲ್ಲ, ಅದೇ ಮಗಳಿಗೆ ಸಹಿಸಲಾಗಲಿಲ್ಲ.

ಸ್ಮಶಾನದಲ್ಲಿ ಮಣ್ಣು ಮುಚ್ಚಿದ ಮೇಲೆ ಮನೆಯವರ ಕೈ ಹಿಡಿದು ಸಮಾಧಾನ ಹೇಳಲು ಜನ ಸಾಲು ನಿಂತರು. ಮೊದಲು ಅಪ್ಪ, ಪಕ್ಕದಲ್ಲಿ ಮಗಳು. ಹೂವಿನ ರಾಶಿಯ ಕಡೆಗೊಮ್ಮೆ ನೋಡಿದ ಅಪ್ಪನಿಗೆ ತಡೆಯದಾಯಿತೋ ಏನೋ, ಭುಜ ಕುಸಿದು, ಮಗಳ ಕಡೆಗೆ ತಿರುಗಿ ಕೈಚಾಚಿದರು. ಹಾಗೆ ಅವರು ಕೈಚಾಚಿದ್ದನ್ನು ಅವಳು ಹಿಂದೆಂದೂ ಕಂಡವಳಲ್ಲ.

ಅವಳು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು.

"ಮುಟ್ಟಬೇಡಿ ಅಪ್ಪ," ಎಂದಳು, ಅವರಿಗಷ್ಟೇ ಕೇಳುವಂತೆ. "ನಾನು ಅಶುದ್ಧ."

ಅಪ್ಪ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅವಳನ್ನೇ ನೋಡುತ್ತ ಹಾಗೇ ನಿಂತರು. ಸಾಲಿನಲ್ಲಿದ್ದವರು ಅದನ್ನು ತಮಗೇ ಚಾಚಿದ್ದೆಂದುಕೊಂಡು, ಒಬ್ಬೊಬ್ಬರಾಗಿ ಬಂದು, ಹಿಡಿದು, ಕುಲುಕಿ ಮುಂದೆ ಹೋದರು.