ಮೂರನೆಯ ಕೋಟೆಯ ಬಾಗಿಲು

ಶವಸಂಸ್ಕಾರದ ಮರುದಿನ ಬೆಳಿಗ್ಗೆ ನನ್ನ ಗಂಡ ಎತಿಯೆನ್‌ನ ಕೋಟಿನ ಜೇಬಿನಲ್ಲಿ ಅಂಗೈಯುದ್ದದ ಕಬ್ಬಿಣದ ಕೀಲಿಕೈ ಸಿಕ್ಕಿತು. ಅವನು ಹಾಳುಕೋಟೆಗಳ ನಕ್ಷೆ ಬರೆಯುತ್ತಿದ್ದ. ನಮ್ಮ ಕಡೆ ಇಂಥ ಕೋಟೆಯ ಕೀಲಿಕೈ ಅದರ ಪಕ್ಕದ ಮನೆಯವರ ಬಳಿ ಇರುತ್ತದೆ. ನೋಡಲು ಬಂದವರು ಗುರುತಿನ ಚೀಟಿ ಒತ್ತೆಯಿಟ್ಟು ಕೀಲಿಕೈ ಒಯ್ಯಬೇಕು, ಅದನ್ನು ಮರಳಿಸಿದಾಗ ಚೀಟಿ ವಾಪಸ್ ಸಿಗುತ್ತದೆ. ಗಡ್ಡ ಬಿಟ್ಟ ಮೇಲಿನ ಅವನ ಒಂದೇ ಒಂದು ಫೋಟೊ ಅವನ ಆ ಚೀಟಿಯಲ್ಲಿದೆ. ನನಗದು ಬೇಕಿತ್ತು, ಆದರೆ ಯಾವ ಊರಿನಲ್ಲಿದೆಯೋ ಗೊತ್ತಿರಲಿಲ್ಲ.

ಯಾರನ್ನೂ ಮಾತಾಡಿಸುವ ಶಕ್ತಿಯಿರಲಿಲ್ಲ. ಎರಡು ಊರುಗಳಲ್ಲಿ ಕಲ್ಲುಮೆಟ್ಟಿಲು ಹತ್ತಿ, ಮುರಿದ ಗೋಪುರದ ಬಾಗಿಲಿಗೆ ಕೀಲಿಕೈ ಹಾಕಿ ನೋಡಿದೆ, ತಿರುಗಲಿಲ್ಲ. ಸಂಜೆಯ ಹೊತ್ತಿಗೆ ಮೂರನೆಯ ಊರಿನಲ್ಲಿ ಬೀಗ ತೆರೆಯಿತು. ಒಳಗೆ ಹೋಗದೆ ಮತ್ತೆ ಬೀಗ ಹಾಕಿ, ಕೀಲಿಕೈ ಹಿಡಿದೇ ಕೋಟೆಯ ಕೆಳಗಿನ ಮನೆಗೆ ಬಂದೆ. ಮುದುಕಿ ಮದಾಮ್ ಫಿರ್ಮಿನ್ ಬೀನ್ಸ್ ಬಿಡಿಸುತ್ತಿದ್ದಳು.

"ಕೀ ಬಂತಾ ಕೊನೆಗೂ? ಹತ್ತು ದಿನದಿಂದ ಬಂದೋರೆಲ್ಲ ಬಾಗ್ಲು ನೋಡ್ಕೊಂಡು ವಾಪಸ್ ಹೋದ್ರು. ಆ ಗಡ್ಡದ ಸಾಹೇಬ್ರು ಮುಖ ತೋರ್ಸೋಕೆ ನಾಚ್ಕೊಂಡು ಹೆಂಡ್ತಿನ ಕಳ್ಸಿದ್ರಾ?"

"ಅವ್ರು ತೀರ್ಕೊಂಡ್ರು, ಮದಾಮ್. ನಿನ್ನೆ ಮಣ್ಣು ಮಾಡಿದ್ವಿ."

ಅವಳು ಎದ್ದು, ಹಿಟ್ಟಿನ ಡಬ್ಬಿಯ ಹಿಂದಿನಿಂದ ಎತಿಯೆನ್‌ನ ಚೀಟಿ ತಂದು, ಸೊಂಟಕ್ಕೆ ಕಟ್ಟಿದ್ದ ಏಪ್ರನ್ನಿಗೆ ಒರೆಸಿದಳು.

"ಮೊದ್ಲು ಕೀ ಕೊಡಮ್ಮ," ಎಂದಳು ಮೆಲ್ಲಗೆ. "ಎಲ್ರಿಗೂ ಒಂದೇ ಪದ್ಧತಿ."

ಬೀನ್ಸ್ ಸಿಪ್ಪೆಯ ಪಕ್ಕದಲ್ಲಿ ಕೀಲಿಕೈ ಇಟ್ಟೆ.